ಊರಿನ ಮಿಕ್ಸಿ, ಗ್ರೈಂಡರ್ ಅಮೆರಿಕದಲ್ಲಿ ನಡೆಯುತ್ತಾ? ಅಡಾಪ್ಟರ್ ಒಂದಿದ್ದರೆ ಸಾಕಾ?

750 ವಾಟ್‌ನ ಮಿಕ್ಸಿ, 2 ಲೀಟರಿನ ಟೇಬಲ್ ಟಾಪ್ ಗ್ರೈಂಡರ್, ಇಸ್ತ್ರಿ ಪೆಟ್ಟಿಗೆ ಮೂರನ್ನೂ ಅಮೆರಿಕಕ್ಕೆ ಒಯ್ಯಬಹುದಾ, ಅಂಗಡಿಯವರು ಹೇಳಿದ ಯೂನಿವರ್ಸಲ್ ಅಡಾಪ್ಟರ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅಡಾಪ್ಟರ್ ಬದಲಿಸೋದು ಪಿನ್ನಿನ ಆಕಾರವನ್ನು ಮಾತ್ರ, ಒಳಗೆ ಬರುವ ಕರೆಂಟನ್ನಲ್ಲ. ನಮ್ಮಲ್ಲಿ ಮನೆಗೆ ಬರೋದು 230 ವೋಲ್ಟ್, 50 ಹರ್ಟ್ಸ್. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಹರ್ಟ್ಸ್ ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಓಲಾಡುತ್ತದೆ ಅನ್ನೋ ಲೆಕ್ಕ. ಈ ಎರಡು ವ್ಯತ್ಯಾಸ ಒಂದೊಂದು ಸಾಮಾನಿಗೂ ಒಂದೊಂದು ರೀತಿ ತಟ್ಟುತ್ತದೆ.

ಮೊದಲು ಪ್ರತಿ ಸಾಮಾನಿನ ತಳ ತಿರುಗಿಸಿ ಅಲ್ಲಿರುವ ಚೀಟಿ ಓದಿ. ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಅಂತಿದ್ದರೆ ಅಡಾಪ್ಟರ್ ಒಂದೇ ಸಾಕು. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತದೆ. ಬರೀ ‘230 ವೋಲ್ಟ್, 50 ಹರ್ಟ್ಸ್’ ಅಂತಿದ್ದರೆ ಮುಂದೆ ಓದಿ.

ಮಿಕ್ಸಿಯೊಳಗೆ ಇರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟರ್. ಅದಕ್ಕೆ 50 ಆದರೇನು, 60 ಹರ್ಟ್ಸ್ ಆದರೇನು, ವೋಲ್ಟೇಜ್ ಸರಿಯಿದ್ದರೆ ಓಡುತ್ತದೆ. 120 ವೋಲ್ಟ್‌ಗೆ ನೇರ ಹಾಕಿದರೆ ಖಾಲಿ ಜಾರ್‌ನಲ್ಲಿ ತಿರುಗುತ್ತದೆ, ‘ನಡೀತಲ್ಲ’ ಅನ್ನಿಸುತ್ತದೆ. ನೆನೆಸಿದ ಉದ್ದಿನಬೇಳೆ ಹಾಕಿದ ಕೂಡಲೇ ಬ್ಲೇಡ್ ಕಚ್ಚಿಕೊಂಡು ನಿಲ್ಲುತ್ತದೆ. ಮೋಟರನ್ನು ತಣ್ಣಗಿಡುವ ಫ್ಯಾನ್ ಅದೇ ಶಾಫ್ಟಿನ ಮೇಲಿರೋದರಿಂದ ಗಾಳಿಯೂ ನಿಂತು ವೈಂಡಿಂಗ್ (ಮೋಟರಿನ ತಂತಿ ಸುರುಳಿ) ಕಾಯುತ್ತದೆ. ಹಾಗಾಗಿ 120 ವೋಲ್ಟನ್ನು 230ರ ಆಸುಪಾಸಿಗೆ ಏರಿಸುವ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 750 ವಾಟ್ ಮಿಕ್ಸಿಗೆ 750 ವಾಟ್‌ನದು ಸಾಲುವುದಿಲ್ಲ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರ್ ಅದರ ಹಲವು ಪಟ್ಟು ಎಳೆಯುತ್ತದೆ. ಕನಿಷ್ಠ 1500 ವಾಟ್‌ನದು ತೆಗೆದುಕೊಳ್ಳಿ, ಕಬ್ಬಿಣದ ಕೋರ್ ಇರುವ ಭಾರದ ಪೆಟ್ಟಿಗೆಯೇ ಆಗಬೇಕು. ‘2000 ವಾಟ್ ಟ್ರಾವೆಲ್ ಕನ್ವರ್ಟರ್’ ಅಂತ ಅಂಗೈಯಲ್ಲಿ ಹಿಡಿಯುವಷ್ಟು ಹಗುರದ ಡಬ್ಬಿಗಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲು 220 ವೋಲ್ಟನ್ನು 110ಕ್ಕೆ ಇಳಿಸುವಂಥವು, ಅದೂ ಇಸ್ತ್ರಿಯಂತೆ ಬಿಸಿ ಮಾಡುವ ಸಾಮಾನಿಗೆ ಮಾತ್ರ. ಮಿಕ್ಸಿಗೆ ಅವು ಬೇಡವೇ ಬೇಡ.

ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಅದರ ಹಿಂಬದಿಯ ಸೆಲೆಕ್ಟರ್ ಸ್ವಿಚ್ 110ರಲ್ಲಿದೆಯಾ ನೋಡಿ, ಮಲ್ಟಿಮೀಟರ್ ಇದ್ದರೆ ಔಟ್‌ಪುಟ್ 220ರಿಂದ 240ರ ನಡುವೆ ಇದೆಯಾ ಅಳೆಯಿರಿ. ಎಷ್ಟೋ ಪೆಟ್ಟಿಗೆಗಳ ಮುಖದಲ್ಲಿ 110ರ ಸಾಕೆಟ್ಟೂ 220ರ ಸಾಕೆಟ್ಟೂ ಅಕ್ಕಪಕ್ಕ ಇರುತ್ತವೆ, ಎರಡಕ್ಕೂ ಯಾವ ಪಿನ್ ಬೇಕಾದರೂ ಹೋಗುತ್ತದೆ. ಅಲ್ಲಿಯ ಕಾಫಿ ಮೇಕರನ್ನು ಯಾರಾದರೂ ಮರೆತು 220ಕ್ಕೆ ಚುಚ್ಚಿದರೆ ಆ ಕ್ಷಣವೇ ಹೋಯಿತು. 220ರ ಮೇಲೆ ಕೆಂಪು ಟೇಪ್ ಅಂಟಿಸಿ.

ಇನ್ನೊಂದು, ಅಮೆರಿಕದ ಗೋಡೆಯ ಸಾಕೆಟ್‌ಗೆ ನಮ್ಮಲ್ಲಿಯಂತೆ ಪಕ್ಕದಲ್ಲಿ ಸ್ವಿಚ್ ಇರುವುದಿಲ್ಲ. ಪ್ಲಗ್ ಚುಚ್ಚಿದ ಕೂಡಲೇ ಕರೆಂಟ್. ಹಾಗಾಗಿ ಮಿಕ್ಸಿಯ ನಾಬ್ 0ಯಲ್ಲಿಟ್ಟು, ಜಾರ್ ಕೂರಿಸಿ, ಟ್ರಾನ್ಸ್‌ಫಾರ್ಮರಿನ ಸ್ವಿಚ್ ಆಫ್ ಇಟ್ಟುಕೊಂಡು ಪ್ಲಗ್ ಹಾಕಿ. ಆಮೇಲೆ ಟ್ರಾನ್ಸ್‌ಫಾರ್ಮರ್ ಆನ್, ಕೊನೆಗೆ ಮಿಕ್ಸಿ. ನಿಲ್ಲಿಸುವಾಗ ಇದರ ಉಲ್ಟಾ, ಮುಗಿದ ಮೇಲೆ ಪ್ಲಗ್ ಕಿತ್ತಿಡಿ. ಖಾಲಿ ಬಿಟ್ಟರೂ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತ ಬಿಸಿಯಾಗುತ್ತಲೇ ಇರುತ್ತದೆ. ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ಇದನ್ನು ಓಡಿಸಬೇಡಿ: 230 ವೋಲ್ಟ್‌ನಲ್ಲಿ ಸುಮಾರು 3.3 ಆಂಪ್ ತಿನ್ನುವ ಅದೇ ಮಿಕ್ಸಿ, ಗೋಡೆಯ 120 ವೋಲ್ಟ್ ಕಡೆಯಿಂದ 6.25 ಆಂಪ್‌ಗಿಂತ ಹೆಚ್ಚೇ ಎಳೆಯುತ್ತದೆ.

ಗ್ರೈಂಡರ್ ಮಾತ್ರ ದಯವಿಟ್ಟು ಒಯ್ಯಬೇಡಿ. ಅದರೊಳಗಿರುವುದು ಕೆಪಾಸಿಟರ್ (ಮೋಟರ್ ಸ್ಟಾರ್ಟ್ ಆಗಲು ನೆರವಾಗುವ ಭಾಗ) ಹಾಕಿದ ಇಂಡಕ್ಷನ್ ಮೋಟರ್, ಅದರ ವೇಗ ಹರ್ಟ್ಸ್ ಮೇಲೆ ನಿಂತಿದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಏರಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 230 ವೋಲ್ಟ್ ಕೊಟ್ಟರೂ 60 ಹರ್ಟ್ಸ್‌ನಲ್ಲಿ ಮೋಟರ್ ಸುಮಾರು 20% ಜೋರಾಗಿ ಸುತ್ತುತ್ತದೆ, ಆದರೆ ಬಲ ಕಡಿಮೆಯಾಗುತ್ತದೆ. ಹಿಟ್ಟು ಗಟ್ಟಿಯಾಗುತ್ತ ಬಂದಂತೆ ಮೋಟರ್ ಒದ್ದಾಡುತ್ತದೆ, ಕೆಪಾಸಿಟರ್‌ಗೂ ಭಾರ. ಟ್ರಾನ್ಸ್‌ಫಾರ್ಮರ್ ಇಲ್ಲದೆ 120ಕ್ಕೇ ಹಾಕಿದರಂತೂ ಸ್ಟಾರ್ಟಿಂಗ್ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಕಲ್ಲು, ಅಕ್ಕಿ ತುಂಬಿದ ಪಾತ್ರೆ ಅಲುಗದೆ ಮೋಟರ್ ಗುಂಯ್‌ಗುಡುತ್ತಿದ್ದರೆ ತಕ್ಷಣ ಆಫ್ ಮಾಡಬೇಕು, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ನಮ್ಮ ಕಂಪನಿಗಳೇ 110 ವೋಲ್ಟ್, 60 ಹರ್ಟ್ಸ್‌ನ ಗ್ರೈಂಡರ್, ಮಿಕ್ಸಿ ಮಾಡುತ್ತವೆ. ಅಲ್ಲಿಯ ಇಂಡಿಯನ್ ಸ್ಟೋರುಗಳಲ್ಲಿ ಸಿಗುತ್ತವೆ. ನನ್ನನ್ನು ಕೇಳಿದರೆ ಮಿಕ್ಸಿಯನ್ನೂ ಅದೇ ಕೊಳ್ಳಿ, ಟ್ರಾನ್ಸ್‌ಫಾರ್ಮರಿನ ದುಡ್ಡು, ಜಾಗ ಎರಡೂ ಉಳಿಯುತ್ತದೆ.

ಬಟ್ಟೆ ಒಣಗಿಸುವ ಡ್ರೈಯರಿನ ಸಾಕೆಟ್‌ನಲ್ಲಿ 240 ವೋಲ್ಟ್ ಇದೆಯಲ್ಲ, ಅಲ್ಲಿಂದ ತೆಗೆದುಕೊಳ್ಳಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ಎರಡು ತಂತಿಯೂ ಫೇಸ್, ಮಿಕ್ಸಿಯ ಸ್ವಿಚ್ ಒಂದನ್ನು ಮಾತ್ರ ಕತ್ತರಿಸುವುದಾದರೆ ಆಫ್ ಮಾಡಿದ ಮೇಲೂ ಒಳಗೆ ಕರೆಂಟ್ ಉಳಿಯುತ್ತದೆ. ಆ ಸರ್ಕ್ಯೂಟಿನ ಬ್ರೇಕರ್ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಸಾಮಾನ್ಯವಾಗಿ 30 ಆಂಪ್, ಮಿಕ್ಸಿಯ ಸಣ್ಣ ವೈರ್ ಸುಟ್ಟರೂ ಅದು ಬೀಳದೇ ಇರಬಹುದು.

ಇಸ್ತ್ರಿ ಪೆಟ್ಟಿಗೆ, ಕೆಟಲ್, ನೀರು ಕಾಯಿಸುವ ರಾಡ್ ಇಲ್ಲೇ ಬಿಡಿ. 1000 ವಾಟ್‌ನ ಇಸ್ತ್ರಿ 120 ವೋಲ್ಟ್‌ನಲ್ಲಿ 270 ವಾಟ್ ಆಸುಪಾಸು ಮಾತ್ರ ಕೊಡುತ್ತದೆ, ಹತ್ತಿಬಟ್ಟೆಯ ಸುಕ್ಕು ಬಿಡುವುದಿಲ್ಲ. 2000 ವಾಟ್ ಕೆಟಲ್‌ಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಗೋಡೆಯಿಂದ 16 ಆಂಪ್ ದಾಟುತ್ತದೆ, 15 ಆಂಪ್ ಬ್ರೇಕರ್ ಬೀಳಬಹುದು.

ಇದೇ ಪ್ರಶ್ನೆ ಲಂಡನ್, ದುಬೈ, ಸಿಂಗಪುರಕ್ಕೆ ಹೋಗುವವರದ್ದಾದರೆ ಉತ್ತರ ಬೇರೆ. ಅಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ನಮ್ಮದೇ, ಹರ್ಟ್ಸೂ 50. ಗ್ರೈಂಡರ್ ಸಹಿತ ಎಲ್ಲಾ ನಡೆಯುತ್ತದೆ, ಪ್ಲಗ್ ಬದಲಿಸಿದರೆ ಸಾಕು. ಸಡಿಲ ಅಡಾಪ್ಟರ್ ಬೇಡ, ಚಪ್ಪಟೆ ಮೂರು ಪಿನ್ನಿನ 13 ಆಂಪ್ ಫ್ಯೂಸ್ ಪ್ಲಗ್ಗನ್ನೇ ಕೂರಿಸಿ. ಮುಚ್ಚಳ ತೆಗೆದು ಅರ್ಥ್ ಪಿನ್ ಮೇಲೆ ಬರುವಂತೆ ಹಿಡಿದರೆ ಬಲಕ್ಕೆ ಫ್ಯೂಸ್ ಕಾಣುತ್ತದೆ: ಅಲ್ಲಿಗೆ ಕೆಂಪು ಅಥವಾ ಕಂದು ತಂತಿ, ಎಡಕ್ಕೆ ಕಪ್ಪು ಅಥವಾ ನೀಲಿ, ಮೇಲೆ ಹಸಿರು. ಎರಡು ಪಿನ್ನಿನ ಪ್ಲಗ್ ತೂರಿಸಲು ಸಾಕೆಟ್ಟಿನ ಅರ್ಥ್ ತೂತಿಗೆ ಪೆನ್ನು ಚುಚ್ಚಿ ಒಳಗಿನ ಪುಟ್ಟ ಬಾಗಿಲು ತೆರೆಯುವ ಅಭ್ಯಾಸ ಬೇಡ.

ಮುಂದೆ ಊರಿಗೆ ಮರಳುವಾಗ ಅಮೆರಿಕದ 110 ವೋಲ್ಟ್ ಮಿಕ್ಸಿ ತಂದರೆ ಇಲ್ಲಿಯ ಸಾಕೆಟ್‌ಗೆ ನೇರ ಹಾಕಬೇಡಿ. ನಮ್ಮ ಮಿಕ್ಸಿ ಅಲ್ಲಿ ನಿಧಾನವಾಗಿ ಹಾಳಾದರೆ, ಅಲ್ಲಿಯ ಮಿಕ್ಸಿಯಿಂದ ಇಲ್ಲಿ ಕೆಲವೇ ಸೆಕೆಂಡಿನಲ್ಲಿ ಹೊಗೆ ಬರುತ್ತದೆ.