ಮುಟ್ಟು ನಿಂತ ಮೇಲೆ ಮೂಳೆಗೆ ರಾಗಿಮುದ್ದೆಯೊಂದೇ ಸಾಕೆ?

ಸಾಲದು. ಮುಟ್ಟು ನಿಂತ ಮೇಲೆ ಮೂಳೆಯನ್ನು ಕಾಯುವ ಈಸ್ಟ್ರೊಜೆನ್ ಹಾರ್ಮೋನು ಇಳಿಯುವುದರಿಂದ ಹಳೆಯ ಮೂಳೆ ಕರಗುವ ವೇಗಕ್ಕೆ ಹೊಸ ಮೂಳೆ ಕಟ್ಟುವ ವೇಗ ಸಾಟಿಯಾಗದೆ, ಮೊದಲ ಕೆಲವು ವರ್ಷಗಳಲ್ಲಿ ಸವೆತ ಹೆಚ್ಚಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಈ ಹಂತದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ; ಅದರಲ್ಲೂ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ರಾಗಿಯಲ್ಲಿರುವುದರಿಂದ ಒಂದಷ್ಟು ಮೈಗೆ ಹತ್ತುವುದಿಲ್ಲ. ರಾಗಿಯನ್ನು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಈ ಅಡ್ಡಿ ಕಡಿಮೆ.

ಕೋಲಾರದ ಕಡೆಯ ಊಟದಲ್ಲಿ ಮುದ್ದೆಗೆ ಬಸ್ಸಾರು, ಬಸಿದ ಸೊಪ್ಪು-ಕಾಳಿನ ಪಲ್ಯ ಸೇರುವುದು ಒಳ್ಳೆಯದೇ. ಕಾಳಿನ ಪ್ರೋಟೀನ್ ಮೂಳೆಗೂ ಸ್ನಾಯುವಿಗೂ ಬೇಕು. ಕೊರತೆ ಬೀಳುವುದು ಹಾಲಿನಲ್ಲಿ. ಹಸು ಕಟ್ಟಿದ ಮನೆಯಲ್ಲೂ ಹಾಲೆಲ್ಲ ಡೇರಿಗೆ ಹೋಗಿ, ಹೆಂಗಸರ ಪಾಲಿಗೆ ಕಾಫಿಗೆ ಬೆರೆಸುವಷ್ಟೇ ಉಳಿಯುವುದುಂಟು. ದಿನಕ್ಕೆ ಎರಡು ಲೋಟ ಹಾಲು ಅಥವಾ ಮೊಸರು, ಜೊತೆಗೆ ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ ಇದ್ದರೆ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ.

ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಬೇಕು. ಫ್ಲೋರೈಡ್ ಅತಿಯಾಗಿ ಸೇರಿದ ಮೂಳೆ ನೋಡಲು ದಟ್ಟವಾಗಿದ್ದರೂ ಪೆಡಸಾಗಿ ಮುರಿಯಬಲ್ಲದು. ವಿಟಮಿನ್ ಡಿ ಊಟದಿಂದ ಸಿಗುವುದು ಅತ್ಯಲ್ಪ, ಅದಕ್ಕೆ ಬಿಸಿಲೇ ಬೇಕು. ಸಣ್ಣ ಪೆಟ್ಟಿಗೇ ಮಣಿಕಟ್ಟು ಮುರಿದಿದ್ದರೆ ಅಥವಾ ಎತ್ತರ ಕುಗ್ಗುತ್ತಿದ್ದರೆ, ಆಹಾರವನ್ನೇ ನೆಚ್ಚಿ ಕೂರದೆ ವೈದ್ಯರನ್ನು ಕಂಡು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಬೇಕು.