ಆರೋಗ್ಯ ಮತ್ತು ಫಿಟ್‌ನೆಸ್ ಉತ್ಪನ್ನಗಳು ಪೈಪೋಟಿಯಲ್ಲಿ ಎದ್ದು ಕಾಣುವಂತೆ ಮಾಡುವುದು ಹೇಗೆ?

ನೀವು ಆನ್‌ಲೈನಿನಲ್ಲಿ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನೂ ವ್ಯಾಯಾಮದ ರಬ್ಬರ್ ಬ್ಯಾಂಡ್‌ಗಳನ್ನೂ ಮಾರಲು ಆರಂಭಿಸಿದ್ದೀರಿ. ಅವೇ ವಸ್ತುಗಳು ಲೆಕ್ಕವಿಲ್ಲದಷ್ಟು ಹೆಸರುಗಳಲ್ಲಿ ಸಿಗುತ್ತಿರುವಾಗ ನಿಮ್ಮದು ಎದ್ದು ಕಾಣಲು ಪ್ಯಾಕಿಂಗ್ ಬದಲಿಸಬೇಕೇ, ಜಾಹೀರಾತು ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ನಾನು ಇಂಥದೇ ಒಂದು ಸಣ್ಣ ಕಂಪನಿಯಲ್ಲಿ ಕೆಲವು ವರ್ಷ ಲೇಬಲ್ ಬರೆಯುವ ಮತ್ತು ಗ್ರಾಹಕರ ದೂರುಗಳಿಗೆ ಉತ್ತರಿಸುವ ಕೆಲಸ ಮಾಡಿದವನು. ಆ ಅನುಭವದಿಂದ ಹೇಳುವುದಾದರೆ, ಎದ್ದು ಕಾಣಬೇಕೆಂದು ಹೊರಟಾಗಲೆಲ್ಲ ನಾವು ಉಳಿದವರಂತೆಯೇ ಕಂಡೆವು. ಗ್ರಾಹಕ ತಾನೇ ಪರೀಕ್ಷಿಸಿ ನೋಡಬಹುದಾದ ಒಂದು ಮಾತನ್ನು ಹೇಳಿದಾಗ ಮಾತ್ರ ಬೇರೆಯಾಗಿ ಕಂಡೆವು.

ಇದಕ್ಕೆ ಕಾರಣ ಈ ವ್ಯಾಪಾರದ ಒಳಗೇ ಇದೆ. ಬಹಳಷ್ಟು ಬ್ರಾಂಡ್‌ಗಳಿಗೆ ಸ್ವಂತ ಕಾರ್ಖಾನೆ ಇರುವುದಿಲ್ಲ. ಗುತ್ತಿಗೆಯ ಮೇಲೆ ತಯಾರಿಸಿಕೊಡುವ ಘಟಕವೊಂದು ಹಲವರಿಗೆ ಹೆಚ್ಚುಕಡಿಮೆ ಒಂದೇ ಪುಡಿಯನ್ನು ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿಕೊಡುತ್ತದೆ. ಒಳಗಿನದು ಒಂದೇ ಆದಾಗ ಹೊರಗಿನ ಮಾತುಗಳು ಜೋರಾಗುತ್ತವೆ. ‘ಪ್ರೀಮಿಯಂ’, ‘ಶುದ್ಧ’, ‘ನೈಸರ್ಗಿಕ’, ‘ವೈಜ್ಞಾನಿಕವಾಗಿ ರೂಪಿಸಿದ್ದು’ ಎಂಬ ಪದಗಳನ್ನು ನಾನೇ ಎಷ್ಟೋ ಲೇಬಲ್‌ಗಳಿಗೆ ಬರೆದಿದ್ದೇನೆ. ಅವುಗಳಲ್ಲಿ ಒಂದನ್ನೂ ಕೊಳ್ಳುವವನು ಅಳೆದು ನೋಡಲಾರ, ಪಕ್ಕದ ಡಬ್ಬಿಯೂ ಅದನ್ನೇ ಹೇಳುತ್ತಿರುತ್ತದೆ.

ಪ್ರೋಟೀನ್ ಪುಡಿಯನ್ನೇ ತೆಗೆದುಕೊಳ್ಳಿ. ಪುಡಿಯಲ್ಲಿ ಎಷ್ಟು ಪ್ರೋಟೀನ್ ಇದೆ ಎಂಬುದನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಅದರಲ್ಲಿರುವ ಸಾರಜನಕವನ್ನು ಅಳೆದು, ಆ ಸಂಖ್ಯೆಯನ್ನು 6.25 ಅಥವಾ ಹಾಲಿನ ಪ್ರೋಟೀನಿಗಾದರೆ 6.38ರಿಂದ ಗುಣಿಸುತ್ತಾರೆ. ಗ್ಲೈಸಿನ್, ಟಾರಿನ್, ಕ್ರಿಯಾಟಿನ್‌ನಂತಹ ಅಗ್ಗದ ವಸ್ತುಗಳಲ್ಲಿಯೂ ಸಾರಜನಕ ಇರುವುದರಿಂದ, ಅವನ್ನು ಬೆರೆಸಿದರೆ ನಿಜವಾದ ಪ್ರೋಟೀನ್ ಕಡಿಮೆಯಿದ್ದರೂ ಲೆಕ್ಕದಲ್ಲಿ ಪ್ರಮಾಣ ಏರಿ ಕಾಣುತ್ತದೆ. ಈ ವ್ಯಾಪಾರದಲ್ಲಿರುವವರು ಇದನ್ನು ‘ಸ್ಪೈಕಿಂಗ್’ ಎನ್ನುತ್ತಾರೆ. ಜಿಮ್‌ಗಳಲ್ಲಿ ಪಳಗಿದ ಗ್ರಾಹಕರಿಗೂ ಈ ಪದ ಈಗ ಚೆನ್ನಾಗಿ ಗೊತ್ತು, ಅವರ ಅನುಮಾನಕ್ಕೆ ಕಾರಣವೂ ಇದೇ. ಆದ್ದರಿಂದ ನಿಮ್ಮ ಪ್ರತಿ ಬ್ಯಾಚಿನ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಮೂಲ ಘಟಕಗಳ, ವಿವರವನ್ನು ಹೊರಗಿನ ಪ್ರಯೋಗಾಲಯವೊಂದರಿಂದ ಪರೀಕ್ಷೆ ಮಾಡಿಸಿ, ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಹಾಕಿದರೆ ಆ ವರದಿಯೇ ತೆರೆದುಕೊಳ್ಳುವ ಹಾಗೆ ಮಾಡಿ. ಕಳೆದ ವರ್ಷದ ಒಂದು ಮಾದರಿ ವರದಿಯನ್ನು ಜಾಲತಾಣದಲ್ಲಿ ತೂಗುಹಾಕುವುದಕ್ಕೂ ಇದಕ್ಕೂ ಬಹಳ ಅಂತರವಿದೆ, ಏಕೆಂದರೆ ಗ್ರಾಹಕ ತಿನ್ನುತ್ತಿರುವುದು ತನ್ನ ಕೈಯಲ್ಲಿರುವ ಡಬ್ಬಿಯನ್ನೇ ಹೊರತು ಮಾದರಿಯನ್ನಲ್ಲ.

ನಿಮ್ಮ ಗ್ರಾಹಕರಲ್ಲಿ ಸ್ಪರ್ಧೆಗಿಳಿಯುವ ಕ್ರೀಡಾಪಟುಗಳಿದ್ದರೆ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಜರ್ಮನಿಯ ಕೊಲೋನ್ ನಗರದ ಸಂಶೋಧಕರು 13 ದೇಶಗಳಲ್ಲಿ ಕೊಂಡ 634 ಪೂರಕಗಳನ್ನು (ಸಪ್ಲಿಮೆಂಟ್‌ಗಳನ್ನು) ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವುಗಳಲ್ಲಿ 94ರಲ್ಲಿ, ಅಂದರೆ ಶೇ. 14.8ರಷ್ಟರಲ್ಲಿ, ಲೇಬಲ್ಲಿನಲ್ಲಿ ಹೇಳದ ಸ್ಟೆರಾಯ್ಡ್ ಸಂಬಂಧಿ ವಸ್ತುಗಳಿದ್ದವು. ಉದ್ದೀಪನ ಮದ್ದು ತಡೆಯ ನಿಯಮಗಳ ಪ್ರಕಾರ ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಡಬ್ಬಿಯಲ್ಲಿ ಏನಿತ್ತೋ ತಿಳಿಯದು ಎಂದಷ್ಟಕ್ಕೇ ಆತ ಪಾರಾಗುವುದಿಲ್ಲ. ಹಾಗಾಗಿ ‘ಇನ್‌ಫಾರ್ಮ್ಡ್ ಸ್ಪೋರ್ಟ್’ ಅಥವಾ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಎಂಬ, ನಿಷೇಧಿತ ವಸ್ತುಗಳಿಗಾಗಿ ಹೊರಗಿನವರು ಪರೀಕ್ಷಿಸಿದ್ದಾರೆಂದು ಸೂಚಿಸುವ ಮುದ್ರೆ ಅಂಥವರಿಗೆ ಅಲಂಕಾರವಲ್ಲ, ಕೊಳ್ಳಲು ಇರುವ ಮೊದಲ ಷರತ್ತು. ಖರ್ಚಿನ ಬಾಬ್ತು ನಿಜ. ಆದರೆ ಜಾಹೀರಾತಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತಿರುಗಿಸುವುದೇ ಮೇಲು ಎಂದು ನಾನು ಹೇಳುತ್ತೇನೆ.

ಮುಂದೆ ಬೇರೆ ಪೂರಕಗಳನ್ನೂ ತರುವುದಾದರೆ, ಹತ್ತಾರು ಘಟಕಗಳನ್ನು ‘ವಿಶೇಷ ಮಿಶ್ರಣ’ ಎಂಬ ಒಂದೇ ತೂಕದಡಿ ಅಡಗಿಸಿಡುವ ಅಭ್ಯಾಸದಿಂದ ದೂರವಿರಿ. ಸ್ನಾಯುಬಲಕ್ಕೆಂದು ಸೇವಿಸುವ ಕ್ರಿಯಾಟಿನ್ ಮೊನೊಹೈಡ್ರೇಟ್ ಬಗ್ಗೆ ನಡೆದಿರುವ ಸಂಶೋಧನೆ ಮುಖ್ಯವಾಗಿ ದಿನಕ್ಕೆ 3ರಿಂದ 5 ಗ್ರಾಂ ಪ್ರಮಾಣವನ್ನು ಬೆಂಬಲಿಸುತ್ತದೆ. ಅರ್ಧ ಗ್ರಾಂ ಹಾಕಿ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುವವರು ಬಹಳ ಮಂದಿ ಇದ್ದಾರೆ. ಪ್ರತಿ ಘಟಕದ ಗ್ರಾಂ ಲೆಕ್ಕವನ್ನು ಮುಂಭಾಗದಲ್ಲೇ ಬರೆದರೆ ಸಾಕು, ಹೋಲಿಕೆಯನ್ನು ಓದುಗನೇ ಮಾಡಿಕೊಳ್ಳುತ್ತಾನೆ.

ಈಗ ನಮ್ಮದೇ ಒಂದು ಪ್ರಸಂಗ. ನಮ್ಮ ಪುಡಿಯ ಬಗ್ಗೆ ಬರುತ್ತಿದ್ದ ದೂರುಗಳಲ್ಲಿ ರುಚಿಯದಾಗಲಿ ಫಲಿತಾಂಶದ್ದಾಗಲಿ ಮುಂದಿರಲಿಲ್ಲ; ‘ಡಬ್ಬಿ ಅರ್ಧ ಖಾಲಿ ಇದೆ’ ಎಂಬುದೇ ಮುಂದಿತ್ತು. ತೂಕ ಸರಿಯಾಗಿಯೇ ಇತ್ತು. ತುಂಬುವಾಗ ಗಾಳಿ ಸೇರಿ ಉಬ್ಬಿರುವ ಪುಡಿ ಸಾಗಾಟದ ಕುಲುಕಾಟದಲ್ಲಿ ಕೆಳಗೆ ಕೂರುತ್ತದೆ, ಅಷ್ಟೇ. ಆದರೆ ಮುಚ್ಚಳ ತೆರೆದವನಿಗೆ ಕಾಣುವುದು ಮೋಸ. ಜತೆಗೆ ಅಳತೆಯ ಚಮಚ ತಳದಲ್ಲೆಲ್ಲೋ ಹೂತುಹೋಗಿ, ಮೊಣಕೈವರೆಗೆ ಪುಡಿ ಬಳಿದುಕೊಂಡು ಹುಡುಕಬೇಕಾಗಿತ್ತು. ಪ್ರತಿಸ್ಪರ್ಧಿಗಳ ಒಂದು ನಕ್ಷತ್ರದ ವಿಮರ್ಶೆಗಳನ್ನು ಓದುತ್ತಾ ಕುಳಿತಾಗ ಅವರ ಗ್ರಾಹಕರದೂ ಅದೇ ಗೋಳು ಎಂದು ತಿಳಿಯಿತು. ನಾವು ಸಣ್ಣ ಡಬ್ಬಿಗೆ ಬದಲಾಯಿಸಿದೆವು, ಚಮಚವನ್ನು ಮುಚ್ಚಳದ ಒಳಬದಿಗೆ ಸಿಕ್ಕಿಸಿದೆವು, ಮುಚ್ಚಳದ ಕೆಳಗಿನ ಹಾಳೆಯ ಮೇಲೆ ಪುಡಿ ಏಕೆ ತಗ್ಗಿದೆ ಎಂದು ಎರಡು ಸಾಲು ಬರೆದೆವು, ಚಮಚದ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ ಎಂದು ನಾವೇ ಸೂಚಿಸಿದೆವು. ಅದಾದ ಮೇಲೆ ಬಂದ ಹೊಗಳಿಕೆಯ ವಿಮರ್ಶೆಗಳಲ್ಲಿ ಪ್ರೋಟೀನಿಗಿಂತ ಚಮಚದ ಪ್ರಸ್ತಾಪವೇ ಹೆಚ್ಚಾಗಿತ್ತು. ಪುಡಿಯ ಮಿಶ್ರಣ ರೂಪಿಸಿದ ಸಹೋದ್ಯೋಗಿಗೆ ಅದರಿಂದ ಸ್ವಲ್ಪ ಬೇಸರವಾದದ್ದೂ ಹೌದು.

ಬೇರೆಯಾಗಿ ಕಾಣುವ ಆತುರದಲ್ಲಿ ಫಲಿತಾಂಶದ ಭರವಸೆ ಕೊಡುವ ಅಪಾಯದ ಬಗ್ಗೆಯೂ ಹೇಳಬೇಕು. ರೀಬಾಕ್ ಕಂಪನಿಯು ತನ್ನ ‘ಈಸಿಟೋನ್’ ಶೂಗಳನ್ನು ಹಾಕಿಕೊಂಡು ನಡೆದರೆ ಪೃಷ್ಠದ ಸ್ನಾಯುಗಳು ಶೇ. 28ರಷ್ಟು ಹೆಚ್ಚು ಬಲಗೊಳ್ಳುತ್ತವೆ ಎಂದು ಸಾರಿತ್ತು. ಆಧಾರವಿಲ್ಲದ ಹೇಳಿಕೆ ಎಂಬ ಆರೋಪದ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಜತೆ 2011ರಲ್ಲಿ ರಾಜಿಗೆ ಬಂದು, ಗ್ರಾಹಕರಿಗೆ ಹಿಂತಿರುಗಿಸಲು 25 ದಶಲಕ್ಷ ಡಾಲರ್ ಕೊಡಬೇಕಾಯಿತು. ನಿಖರವಾದ ಸಂಖ್ಯೆ ನಂಬಿಕೆ ಹುಟ್ಟಿಸುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು, ಆದರೆ ಆ ಸಂಖ್ಯೆಯನ್ನು ಗ್ರಾಹಕ ಪರೀಕ್ಷಿಸುವಂತಿರಲಿಲ್ಲ. ಇದಕ್ಕೆದುರಾಗಿ 1965ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ‘ಮಾನ್ಪೊ-ಕೆ’ ಎಂಬ ಹೆಜ್ಜೆ ಎಣಿಸುವ ಸಾಧನವನ್ನು ನೋಡಿ. ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಗಳ ಮಾಪಕ’. ಅದು ಆರೋಗ್ಯದ ಭರವಸೆಯನ್ನು ಸಂಖ್ಯೆಯಾಗಿ ಮಾರಲಿಲ್ಲ. ರಾತ್ರಿ ಮಲಗುವ ಮೊದಲು ಯಾರು ಬೇಕಾದರೂ ನೋಡಿಕೊಳ್ಳಬಹುದಾದ ಒಂದು ಗುರಿಯನ್ನು ಕೈಗಿತ್ತಿತು. ಹತ್ತು ಸಾವಿರವೆಂಬುದು ಸಂಶೋಧನೆ ತೋರಿಸಿಕೊಟ್ಟ ಗಡಿಯಾಗಿರಲಿಲ್ಲ ಎಂಬುದೂ ನಿಜ. ವಯಸ್ಸಾದ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆಗಳಿಗೇ ಸಾವಿನ ಅಪಾಯ ಕಡಿಮೆಯಾಗಿ ಕಂಡು, 7,500ರ ಆಸುಪಾಸಿನಲ್ಲಿ ಆ ಲಾಭದ ಏರಿಕೆ ನಿಂತಿತ್ತು. ಆ ಎಚ್ಚರವನ್ನು ಉಳಿಸಿಕೊಂಡೇ ಹೇಳುತ್ತೇನೆ, ಬಳಕೆದಾರನೇ ಎಣಿಸಬಲ್ಲ ಅಳತೆಯಷ್ಟು ಬಾಳಿಕೆಯ ವ್ಯತ್ಯಾಸ ಮತ್ತೊಂದಿಲ್ಲ.

ರಿಯಾಯಿತಿ ಕೋಡ್ ಹಿಡಿದು ಬರುವ ಸಾಮಾಜಿಕ ಜಾಲತಾಣದ ಪ್ರಭಾವಿಗಳ (ಇನ್‌ಫ್ಲುಯೆನ್ಸರ್‌ಗಳ) ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಮುಂದಿನ ತಿಂಗಳು ಅವರು ಮತ್ತೊಬ್ಬರ ಡಬ್ಬಿ ಹಿಡಿದಿರುತ್ತಾರೆ.

ನಿಮ್ಮ ಬ್ಯಾಂಡ್‌ಗಳ ಬಗ್ಗೆ ಮಾತ್ರ ನನಗೆ ನಿಜಕ್ಕೂ ಆಸೆಯಿದೆ, ಏಕೆಂದರೆ ಅಲ್ಲಿ ಜಾಗ ಇನ್ನೂ ತೆರವಾಗಿಯೇ ಇದೆ. ಬ್ಯಾಂಡ್‌ನ ಬಣ್ಣಗಳಿಗೆ ಎಲ್ಲ ತಯಾರಕರಿಗೂ ಅನ್ವಯಿಸುವ ಮಾನದಂಡವಿಲ್ಲ. ಒಬ್ಬರ ಹಸಿರು ಇನ್ನೊಬ್ಬರ ನೀಲಿಗಿಂತ ಗಟ್ಟಿಯಾಗಿರಬಹುದು, ‘ಮಧ್ಯಮ’ ಎಂಬ ಪದಕ್ಕಂತೂ ಅರ್ಥವೇ ಇಲ್ಲ. ಬ್ಯಾಂಡನ್ನು ಎಷ್ಟು ಹಿಗ್ಗಿಸಿದರೆ ಎಷ್ಟು ಎಳೆತ ಎಂಬುದು ಬದಲಾಗುತ್ತಾ ಹೋಗುವುದರಿಂದ ಒಂದೇ ಸಂಖ್ಯೆ ಕೊಟ್ಟರೂ ಸಾಲದು. ಮೂಲ ಉದ್ದದ ಒಂದೂವರೆ ಪಟ್ಟು, ಎರಡು ಪಟ್ಟು, ಎರಡೂವರೆ ಪಟ್ಟು ಹಿಗ್ಗಿಸಿದಾಗ ಎಷ್ಟು ಕಿಲೋಗ್ರಾಂ ಎಳೆತವಿದೆ ಎಂದು ಅಳೆದು ಬ್ಯಾಂಡಿನ ಮೇಲೆಯೇ ಅಚ್ಚು ಹಾಕಿಸಿ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಯೊಂದಿದ್ದರೆ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವವರಿಗೂ ಅವರ ಫಿಸಿಯೋಥೆರಪಿಸ್ಟ್‌ಗಳಿಗೂ ಬೇಕಾದದ್ದು ಇಂಥ ಅಳತೆಯೇ, ಅವರನ್ನೇ ನಿಮ್ಮ ಮೊದಲ ಗ್ರಾಹಕರೆಂದು ಎಣಿಸಿ. ಲೇಟೆಕ್ಸ್ ರಬ್ಬರ್ ಬಿಸಿಲಿಗೂ ಶಾಖಕ್ಕೂ ಹಳತಾಗಿ ಸಣ್ಣ ಸಣ್ಣ ಬಿರುಕು ಬಿಡುವುದರಿಂದ ತಯಾರಾದ ತಿಂಗಳನ್ನೂ, ಬಿರುಕು ಕಂಡರೆ ಬಿಸಾಡಿ ಎಂಬ ಸೂಚನೆಯನ್ನೂ, ಕೆಲವರಿಗೆ ಲೇಟೆಕ್ಸ್ ಅಲರ್ಜಿ ಇರುತ್ತದೆ ಎಂಬ ಎಚ್ಚರಿಕೆಯನ್ನೂ ಅದರ ಪಕ್ಕದಲ್ಲೇ ಸೇರಿಸಿ. ಪ್ಯಾಕಿಂಗ್ ಬಣ್ಣದ ಮಾತನ್ನು ಇವೆಲ್ಲ ಅಚ್ಚಾಗಿ ಬಂದ ಮೇಲೆ ನೋಡಿಕೊಳ್ಳಬಹುದು.