ಕೈಗೆ ಒಗ್ಗುವ ಗಣಿತದ ಕೀಲಿಮಣೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಆರನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಭಿನ್ನರಾಶಿಯ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಾಳೆ, ಆದರೆ ಪೆನ್ಸಿಲ್ ಹಿಡಿಯಲಾರಳು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಒಂದು ಕೀಲಿ ಒತ್ತಲು ಹೋದರೆ ಪಕ್ಕದ ಎರಡು ಒತ್ತಿಹೋಗುತ್ತವೆ. ಅವಳಿಗೆಂದೇ ಗಣಿತದ ಕೀಲಿಮಣೆಯೊಂದನ್ನು ನಾವೇ ತಯಾರಿಸಬಹುದೇ?

ಉತ್ತರ: ಖಂಡಿತ ತಯಾರಿಸಬಹುದು. ಬಿಡಿಭಾಗಗಳನ್ನು ಕೊಳ್ಳುವ ಮೊದಲು ಒಂದು ವಾರ ರಟ್ಟಿನೊಂದಿಗೆ ಕೆಲಸ ಮಾಡಿ. ದಪ್ಪ ರಟ್ಟಿನ ಮೇಲೆ 5 ಸೆಂ.ಮೀ. ಅಂತರದಲ್ಲಿ ವೃತ್ತಗಳನ್ನು ಬರೆದು, ಅಂಕಿ ಮತ್ತು ಚಿಹ್ನೆಗಳನ್ನು ತುಂಬಿ, ಅವಳು ದಿನವೂ ಕೂರುವ ಮೇಜಿಗೆ ಅಂಟಿಸಿ ಒಂದೊಂದು ಲೆಕ್ಕ ಹೇಳಿ. ಬೆರಳು ಎಲ್ಲಿಗೆ ಸಲೀಸಾಗಿ ಹೋಗುತ್ತದೆ, ಮಣಿಕಟ್ಟು ಎಲ್ಲಿ ಊರುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ನಾನು ಮೊದಲು ಮಾಡಿದ ಕೀಲಿಮಣೆಯಲ್ಲಿ ಅಳಿಸುವ ಕೀಲಿಯನ್ನು ಕೆಳಸಾಲಿನ ಮೂಲೆಯಲ್ಲಿ ಇಟ್ಟಿದ್ದೆ. ಅದನ್ನು ಬಳಸಿದ ಹುಡುಗನ ಮಣಿಕಟ್ಟು ವಿಶ್ರಾಂತಿಗೆ ಊರುತ್ತಿದ್ದುದು ಸರಿಯಾಗಿ ಅಲ್ಲಿಯೇ. ಬರೆದ ಉತ್ತರ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು, ಅವನು ಮರುಮಾತಿಲ್ಲದೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ರಟ್ಟಿನ ಮೇಲೆ ಎರಡು ದಿನ ನೋಡಿದ್ದರೆ ಅದು ನನಗೆ ತಿಳಿಯುತ್ತಿತ್ತು.

ಸಾಮಾನ್ಯ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಮತ್ತೊಂದರ ನಡುವಿಗೆ ಸುಮಾರು 19 ಮಿ.ಮೀ. ಇರುತ್ತದೆ. ನಿಮ್ಮ ವಿದ್ಯಾರ್ಥಿನಿಗೆ ಅದರ ಎರಡೂವರೆ ಪಟ್ಟು ಬೇಕಾಗಬಹುದು. ವಿಡಿಯೊ ಆಟದ ಯಂತ್ರಗಳಲ್ಲಿ ಬಳಸುವ, 30 ಮಿ.ಮೀ. ರಂಧ್ರದಲ್ಲಿ ಕೂರುವ ಗುಂಡಿಗಳು ಇದಕ್ಕೆ ಹೊಂದುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಗುಂಡಿಗಳ ಮೇಲೆ, ಅವುಗಳ ನೇರಕ್ಕೆ ರಂಧ್ರ ಕೊರೆದ ಅಕ್ರಿಲಿಕ್ ಹಲಗೆಯೊಂದನ್ನು ತುಸು ಎತ್ತರಿಸಿ ಕೂರಿಸಿದರೆ, ಅವಳು ಕೈಯನ್ನು ಹಲಗೆಯ ಮೇಲೆಯೇ ಊರಿ, ಬೇಕಾದ ರಂಧ್ರದವರೆಗೆ ಜಾರಿಸಿ, ಬೆರಳನ್ನು ಇಳಿಸಬಹುದು.

ಕೀಲಿಮಣೆಯ ಮಿದುಳಿನ ಕೆಲಸಕ್ಕೆ ಆರ್ಡುಯಿನೊ ಲಿಯೊನಾರ್ಡೊ ಎಂಬ, ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್ ಸಾಕು. ಅದರ ಎಟಿಮೆಗಾ32ಯು4 ಚಿಪ್ಪು ಯುಎಸ್‌ಬಿಗೆ ಸಿಕ್ಕಿಸಿದಾಗ ತಾನೇ ಕೀಲಿಮಣೆಯೆಂದು ಪರಿಚಯಿಸಿಕೊಳ್ಳಬಲ್ಲದು. ಆರ್ಡುಯಿನೊ ಊನೊ ಆರ್3 ಬೋರ್ಡ್ ಹಾಗೆ ಮಾಡುವುದಿಲ್ಲವಾದ್ದರಿಂದ ಅಂಗಡಿಯವರು ಅದನ್ನು ಕೊಟ್ಟರೆ ಬೇಡವೆನ್ನಿ. ಲಿಯೊನಾರ್ಡೊದಲ್ಲಿ ತಂತಿ ಜೋಡಿಸುವ 20 ಡಿಜಿಟಲ್ ಪಿನ್‌ಗಳಿವೆ. ಹತ್ತು ಅಂಕಿ, ನಾಲ್ಕು ಮೂಲಕ್ರಿಯೆ, ಸಮಚಿಹ್ನೆ, ಭಿನ್ನರಾಶಿ, ‘ಮುಗಿಯಿತು’, ಅಳಿಸು, ಎಡಕ್ಕೆ, ಬಲಕ್ಕೆ ಎಂದು ಎಣಿಸಿದರೆ ಸರಿಯಾಗಿ ಇಪ್ಪತ್ತು ಗುಂಡಿಗಳಾಗುತ್ತವೆ. ಪ್ರತಿ ಗುಂಡಿಯ ಒಂದು ತಂತಿ ಅದರದೇ ಪಿನ್ನಿಗೆ, ಇನ್ನೊಂದು ಬೋರ್ಡಿನ ಗ್ರೌಂಡ್ ಪಿನ್ನಿಗೆ.

ಗುಂಡಿ ಏನನ್ನು ಕಳಿಸಬೇಕು ಎಂಬುದರ ಬಗ್ಗೆ ಹೆಚ್ಚು ಯೋಚಿಸಬೇಕು. ಕೀಲಿಮಣೆ ಕಂಪ್ಯೂಟರಿಗೆ ಕಳಿಸುವುದು ಕೀಲಿಯ ಸಂಕೇತವನ್ನೇ ಹೊರತು ಅಕ್ಷರವನ್ನಲ್ಲ. × ಮತ್ತು ÷ ಚಿಹ್ನೆಗಳಿಗೆ ನಮ್ಮ ಸಾಮಾನ್ಯ ವಿನ್ಯಾಸದಲ್ಲಿ ಕೀಲಿಯೇ ಇಲ್ಲ. ವರ್ಡ್ ತಂತ್ರಾಂಶದಲ್ಲಿ ಆಲ್ಟ್ ಮತ್ತು = ಒಟ್ಟಿಗೆ ಒತ್ತಿ ಸಮೀಕರಣದ ಜಾಗವನ್ನು ನೀವು ತೆರೆದಿಟ್ಟರೆ ಈ ತೊಡಕು ಬಗೆಹರಿಯುತ್ತದೆ. ಅಲ್ಲಿ ಬ್ಯಾಕ್‌ಸ್ಲ್ಯಾಶ್, ‘ಟೈಮ್ಸ್’ ಎಂಬ ಇಂಗ್ಲಿಷ್ ಪದ, ಒಂದು ಸ್ಪೇಸ್ ಇಷ್ಟನ್ನು ಗುಂಡಿ ಒಂದೇ ಒತ್ತಿಗೆ ಕಳಿಸಿದರೆ × ಮೂಡುತ್ತದೆ. ಭಿನ್ನರಾಶಿಯ ಗುಂಡಿ ಓರೆಗೆರೆಯನ್ನೂ ‘ಮುಗಿಯಿತು’ ಗುಂಡಿ ಸ್ಪೇಸನ್ನೂ ಕಳಿಸಲಿ. ಅವಳು 3, ಭಿನ್ನರಾಶಿ, 4, ಮುಗಿಯಿತು ಎಂದು ಒತ್ತಿದೊಡನೆ ಅಂಶ ಮೇಲೇರಿ, ಛೇದ ಕೆಳಗಿಳಿದು, ಪಠ್ಯಪುಸ್ತಕದಲ್ಲಿರುವಂತೆಯೇ ನಡುವೆ ಗೆರೆ ಬೀಳುತ್ತದೆ. ಬಾಯಲ್ಲಿ ಹೇಳಿದ ಲೆಕ್ಕವನ್ನು ಬೇರೆಯವರು ಬರೆದುಕೊಡುವುದಕ್ಕೂ ತನ್ನ ಕೈಯಿಂದ ಅದು ಪರದೆಯ ಮೇಲೆ ನಿಲ್ಲುವುದಕ್ಕೂ ಇರುವ ದೂರವನ್ನು ನೀವು ಅವಳ ಮುಖದಲ್ಲೇ ನೋಡುವಿರಿ.

ಎಡಕ್ಕೆ ಹೋಗುವ ಗುಂಡಿಯನ್ನು ಅನಾವಶ್ಯಕವೆಂದು ಕೈಬಿಡಬೇಡಿ. ಸಂಕಲನದ ಉತ್ತರವನ್ನು ನಾವು ಬಿಡಿಸ್ಥಾನದಿಂದ ಹತ್ತರ ಸ್ಥಾನಕ್ಕೆ, ಅಂದರೆ ಬಲದಿಂದ ಎಡಕ್ಕೆ ಬರೆಯುತ್ತೇವೆ. ಕಂಪ್ಯೂಟರು ಎಡದಿಂದ ಬಲಕ್ಕೆ ಸಾಗುತ್ತದೆ. ದೊಡ್ಡ ಸಂಖ್ಯೆಗಳ ಲೆಕ್ಕವನ್ನು ವರ್ಡ್‌ನ ಕೋಷ್ಟಕದಲ್ಲಿ ಮನೆಗೊಂದು ಅಂಕಿಯಂತೆ ಹಾಕಿಕೊಟ್ಟು, ಈ ಗುಂಡಿಗೆ ಶಿಫ್ಟ್ ಮತ್ತು ಟ್ಯಾಬ್ ಜೋಡಿಯನ್ನು ಕೊಟ್ಟರೆ ಒಂದೊಂದೇ ಮನೆ ಹಿಂದಕ್ಕೆ ಹೋಗಬಹುದು.

ಲಿಯೊನಾರ್ಡೊಗೆ ತುಂಬುವ ಪ್ರೋಗ್ರಾಮಿನಲ್ಲಿ ಎರಡು ನಿಯಮಗಳಿರಲಿ. ಒತ್ತಿದ ಗುಂಡಿಯನ್ನೇ 400 ಮಿಲಿಸೆಕೆಂಡಿನೊಳಗೆ ಮತ್ತೆ ಒತ್ತಿದರೆ ಅದನ್ನು ಕೈಬಿಡುವುದು, ಮತ್ತು ಎರಡು ಗುಂಡಿಗಳು ಒಟ್ಟಿಗೆ ಒತ್ತಿಹೋದರೆ ಮೊದಲಿನದನ್ನಷ್ಟೇ ಸ್ವೀಕರಿಸಿ ಕೈ ಪೂರ್ತಿ ಮೇಲೆದ್ದ ಮೇಲೆಯೇ ಮುಂದಿನದಕ್ಕೆ ಕಾಯುವುದು. ಈ 400 ನಾನು ಆರಂಭಕ್ಕೆ ಇಟ್ಟುಕೊಳ್ಳುವ ಅಂಕಿ. ಅವಳ ಕೈ ನೋಡಿ ಬದಲಿಸಿ. ಆದರೆ ಗುಂಡಿಗಳ ಜಾಗವನ್ನು ಒಮ್ಮೆ ಗೊತ್ತು ಮಾಡಿದ ಮೇಲೆ ಅಂದಕ್ಕಾಗಿ ಬದಲಿಸಬೇಡಿ, ಏಕೆಂದರೆ ಕೈ ಅದನ್ನು ಬಹಳ ಶ್ರಮದಿಂದ ಕಲಿತಿರುತ್ತದೆ.

ಖರ್ಚನ್ನು ನಿಮ್ಮ ಕೈಯಿಂದಲೇ ಹಾಕಬೇಕೆಂದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೆಯ ಕಲಮು, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವೆಂದು ಪ್ರಮಾಣೀಕರಿಸಲಾದ ಮಕ್ಕಳಿಗೆ 18 ವರ್ಷದವರೆಗೆ ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸುವಂತೆ ಹೇಳುತ್ತದೆ. ಪರೀಕ್ಷಾ ಪದ್ಧತಿಯನ್ನು ಅವರಿಗೆ ತಕ್ಕಂತೆ ಮಾರ್ಪಡಿಸುವ ಮಾತೂ ಅದರಲ್ಲಿದೆ. ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರನ್ನು (ವಿಶೇಷ ಅಗತ್ಯದ ಮಕ್ಕಳ ಕಲಿಕೆಗೆ ನೆರವಾಗುವ ತಾಲ್ಲೂಕು ಮಟ್ಟದ ಶಿಕ್ಷಕರು) ರಟ್ಟಿನ ಹಂತದಲ್ಲೇ ಕರೆದು ತೋರಿಸಿ, ಪರೀಕ್ಷೆಯಲ್ಲಿ ಈ ಕೀಲಿಮಣೆಗೂ ಹೆಚ್ಚುವರಿ ಸಮಯಕ್ಕೂ ಅನುಮತಿ ಕೋರುವ ಪತ್ರವನ್ನು ಶಾಲೆಯ ಮೂಲಕ ಮುಂಚಿತವಾಗಿಯೇ ಕಳಿಸಿ. ಅವಳು ಬಿಡಿಸಿದ ನಾಲ್ಕಾರು ಲೆಕ್ಕಗಳ ಮುದ್ರಿತ ಪ್ರತಿಯನ್ನು ಅದರ ಜೊತೆಗಿಡಿ.